ಮೇಷ್ಟ್ರ ಪಾಲಿನ ಆ 30

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ದಾವಣಗೆರೆಯಲ್ಲಿ ಎರಡು ಥರದ ಸಾಹಿತ್ಯ ಪ್ರಕಟವಾಗುತ್ತದೆ. ಒಂದು ಫ್ಲೆಕ್ಸ್. ಅದರಲ್ಲಿ 625ಕ್ಕೆ 620 ತೆಗೆದ ಮಗು ಅಂಚೆಚೀಟಿಯಷ್ಟು, ಶುಭ ಕೋರುವ ಮುಖಂಡರು ಬಾಗಿಲಷ್ಟು. ಮೇಷ್ಟ್ರು ಎಲ್ಲೂ ಇರುವುದಿಲ್ಲ. ಇನ್ನೊಂದು, ಫಲಿತಾಂಶ ಯಾಕೆ ಕಡಿಮೆ ಬಂತು ಅಂತ ಕಾರಣ ಕೇಳುವ ನೋಟಿಸ್. ಅದರಲ್ಲಿ ಮೇಷ್ಟ್ರು ಬಿಟ್ಟು ಬೇರೆ ಯಾರೂ ಇರುವುದಿಲ್ಲ.

ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ 2003ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಕಲಿಯುತ್ತಾರಲ್ಲ, ಆ ವ್ಯತ್ಯಾಸದಲ್ಲಿ ಸುಮಾರು ಶೇ. 50 ಮಗುವಿನದೇ ಪಾಲು, ಸುಮಾರು ಶೇ. 30 ಮೇಷ್ಟ್ರದು. ಮನೆ, ಹೆಡ್‌ಮಾಸ್ಟರ್, ಗೆಳೆಯರು ಎಲ್ಲ ಆಮೇಲೆ. (ಈ ಲೆಕ್ಕಕ್ಕೆ ತಕರಾರು ತೆಗೆದವರೂ ಇದ್ದಾರೆ.) ನಮ್ಮವರು ಮಾತ್ರ ಆ 30ನ್ನು ಚೆನ್ನಾಗಿ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಇಷ್ಟು ಕೈಗುಣ ಇರುವ ಮನುಷ್ಯನನ್ನು ಬರೀ ಮಕ್ಕಳ ಮುಂದೆ ನಿಲ್ಲಿಸಿ ಹಾಳು ಮಾಡುವುದುಂಟೆ?

ಹಾಗಾಗಿ ಮೊಟ್ಟೆ ಎಣಿಸಿ. ಮೊಟ್ಟೆ ತಿನ್ನದವರ ಬಾಳೆಹಣ್ಣು ಎಣಿಸಿ. ಎಣಿಸಿದ್ದನ್ನು ಆನ್‌ಲೈನಿಗೆ ಏರಿಸಿ. ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಿ. 2025ರ ದಸರಾದಲ್ಲಿ ರಾಜ್ಯದ ಸಮೀಕ್ಷೆ ಬಂತು, ಮನೆಗೆ 60 ಪ್ರಶ್ನೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೇ 18ರವರೆಗೆ ರಜೆ! ಪಾಠ ಮಾಡದೆ ದಿನ ದೂಡುವ ಮೇಷ್ಟ್ರೂ ಇದ್ದಾರೆ ಬಿಡಿ, ಅವರಿಗೆ ಇದೆಲ್ಲ ವರ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮೇಷ್ಟ್ರನ್ನು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಇವಿಷ್ಟು ಬಿಟ್ಟು. ಆ 'ಬಿಟ್ಟು' ಅನ್ನುವುದೇ ಕಿಂಡಿ. ಪಕ್ಕದ ಚಿತ್ರದುರ್ಗದ ಕೋಟೆಯ ಕಿಂಡಿಗಾದರೆ ಒನಕೆ ಹಿಡಿದ ಓಬವ್ವ ಇದ್ದಳು. ಈ ಕಿಂಡಿಗೆ ಕಾವಲೇ ಇಲ್ಲ. ಒಂದೊಂದೇ ಡ್ಯೂಟಿ ತಲೆ ತಗ್ಗಿಸಿ ಒಳಗೆ ಬರುತ್ತಲೇ ಇದೆ.

ಮೊನ್ನೆ ಬೆಣ್ಣೆದೋಸೆ ಹೋಟೆಲಿನಲ್ಲಿ ಪರಿಚಯದ ಮೇಷ್ಟ್ರೊಬ್ಬರು ಸಿಕ್ಕಿದ್ದರು. ನೋಟಿಸಿಗೆ ಏನು ಉತ್ತರ ಕೊಟ್ರಿ ಸಾರ್ ಅಂದೆ. ಅವರು ಒಲೆಯ ಕಡೆ ಕೈ ತೋರಿಸಿದರು. "ಆ ದೋಸೆ ಹಾಕುವವನನ್ನು ಕರೆದು, ಹೊರಗೆ ನಿಂತ ಬೈಕ್ ಎಣಿಸಿಕೊಂಡು ಬಾ ಅನ್ನಿ. ಬಂದ ಮೇಲೆ ದೋಸೆ ಯಾಕೆ ಸೀದಿದೆ ಅಂತ ಕೇಳಿ. ಅವನು ಏನು ಹೇಳ್ತಾನೋ ಅದೇ ನನ್ನ ಉತ್ತರ."

ಅಷ್ಟರಲ್ಲಿ ಅವರ ಫೋನ್ ಗುಂಯ್ ಅಂತು. ವಾಟ್ಸಾಪ್ ಗುಂಪಿನಲ್ಲಿ ಮೆಸೇಜು. ನಾಳೆ ಬೆಳಗ್ಗೆ 10ಕ್ಕೆ ಸಭೆ. ವಿಷಯ: ಫಲಿತಾಂಶ ಸುಧಾರಣೆ. ಶಾಲೆಯಲ್ಲಿ ಬದಲಿ ವ್ಯವಸ್ಥೆ ಮಾಡಿ ತಪ್ಪದೆ ಹಾಜರಾಗುವುದು.