ಮಕ್ಕಳು ತುಂಬಿದ ಬಸ್ಸಿಗೆ ಟೋಲ್ ಯಾಕೆ?

ನಾನಿರುವುದು ಅಮೆರಿಕದ ವರ್ಜೀನಿಯಾದಲ್ಲಿ. ಯಾರು ಟೋಲ್ ಕಟ್ಟಬೇಕಿಲ್ಲ ಅಂತ ಇಲ್ಲಿಯ ಕಾನೂನಿನಲ್ಲೇ ಒಂದು ಪಟ್ಟಿ ಇದೆ. ಪೊಲೀಸರು, ಶೆರಿಫರು, ಅಗ್ನಿಶಾಮಕದವರ ಜೊತೆಗೆ ಶಾಲಾ ಬಸ್ ಓಡಿಸುವವರೂ ಅದರಲ್ಲಿದ್ದಾರೆ. ಹಾಗಂತ ಬಸ್ಸಿನ ಎಲ್ಲ ಓಡಾಟವೂ ಬಿಟ್ಟಿ ಅಲ್ಲ. ಮಕ್ಕಳನ್ನು ಶಾಲೆಗೆ ಬಿಡುವಾಗ, ಶಾಲೆಯಿಂದ ಕರೆತರುವಾಗ ಮಾತ್ರ. ಈ ಷರತ್ತು ನನಗೆ ತುಂಬಾ ಹಿಡಿಸಿತು. ರಿಯಾಯಿತಿ ನೇರವಾಗಿ ಮಕ್ಕಳ ಪ್ರಯಾಣಕ್ಕೇ ಸೇರುತ್ತದೆ.

ಊರಿಗೆ ಬಂದಾಗಲೆಲ್ಲ ಟೋಲ್ ಪ್ಲಾಜಾದ ದೊಡ್ಡ ಬೋರ್ಡ್ ಓದುತ್ತೇನೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿ, ಸಂಸದರು, ಆಂಬುಲೆನ್ಸ್, ಶವ ಸಾಗಿಸುವ ಗಾಡಿ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದ ವಿನಾಯಿತಿ ಪಟ್ಟಿ ಅದು. ಶಾಲಾ ಬಸ್ಸಿನ ಹೆಸರೇ ಇಲ್ಲ. ಆ ನಿಯಮದ ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಬಸ್ಸು ಲಾರಿಗಳಿಗೆ 2 ರೂಪಾಯಿ 20 ಪೈಸೆ. ಅಂದರೆ ಮೂರು ಪಟ್ಟಿಗೂ ಜಾಸ್ತಿ. 2025ರ ಆಗಸ್ಟ್ 15ರಿಂದ ಸ್ವಂತ ಕಾರುಗಳಿಗೆ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂತು. ಶುರುವಿನಲ್ಲಿ 3,000 ರೂಪಾಯಿಗೆ 200 ಸಲ ದಾಟಬಹುದಿತ್ತು. ಒಬ್ಬರೇ ಕೂತು ಹೋಗುವ ಕಾರಿಗೆ ಸಲಕ್ಕೆ 15 ರೂಪಾಯಿ ಬಿತ್ತು. ಮಕ್ಕಳು ತುಂಬಿದ ಹಳದಿ ಬಸ್ಸಿಗೆ ಆ ಪಾಸೂ ಸಿಗುವುದಿಲ್ಲ. ಇದು ಅನ್ಯಾಯ ಅಲ್ವಾ?

ಒಂದು ವ್ಯತ್ಯಾಸವಂತೂ ಇದೆ. ವರ್ಜೀನಿಯಾದಲ್ಲಿ ಸರ್ಕಾರಿ ಶಾಲೆಗಳದ್ದೇ ಬಸ್ಸು, ಮಕ್ಕಳಿಗೆ ಉಚಿತ. ನಮ್ಮಲ್ಲಿ ಹೆಚ್ಚಿನವು ಖಾಸಗಿ ಶಾಲೆಗಳವು. ಅವರಿಗ್ಯಾಕೆ ರಿಯಾಯಿತಿ ಅಂತ ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಟೋಲ್ ಕೊನೆಗೆ ಬಸ್ ಫೀಸಿನಲ್ಲಿ ಸೇರಿ ಅಪ್ಪ ಅಮ್ಮನ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ವಿನಾಯಿತಿ ಪಡೆದ ಶಾಲೆ ಅಷ್ಟು ಹಣವನ್ನು ಫೀಸಿನಲ್ಲಿ ಇಳಿಸಲೇಬೇಕು ಅಂತ ಕಟ್ಟುನಿಟ್ಟು ಮಾಡಲಿ. ಅದಕ್ಕೂ ಮೊದಲು, ದಾನಿಗಳೋ ಹಳೆ ವಿದ್ಯಾರ್ಥಿಗಳೋ ಸರ್ಕಾರಿ ಶಾಲೆಗೆ ಕೊಡಿಸಿದ ಬಸ್ಸುಗಳಿಗೆ ಟೋಲ್ ಬಿಡಲಿ. ಡೀಸೆಲ್ಲು, ಡ್ರೈವರ್ ಸಂಬಳ ಹೊಂದಿಸುವುದೇ ಅಲ್ಲಿ ದೊಡ್ಡ ಕಷ್ಟ. ಮಕ್ಕಳು ಶಾಲೆಗೆ ಬರಲಿ ಅಂತ ಊರವರು ಕೂಡಿಸಿದ ದುಡ್ಡು ಟೋಲ್ ಗೇಟಿಗೆ ಹೋಗಬಾರದು.

ಮಾಡುವುದೇನೂ ಕಷ್ಟವಿಲ್ಲ. ವಿನಾಯಿತಿ ಇರುವ ಗಾಡಿಗಳಿಗೆ ಬೇರೆ ಫಾಸ್ಟ್‌ಟ್ಯಾಗ್ ಈಗಾಗಲೇ ಇದೆ. ಅದನ್ನೇ ಶಾಲಾ ಬಸ್ಸಿಗೂ ಕೊಟ್ಟು, ಶಾಲೆಯ ದಿನ, ಬೆಳಗ್ಗೆ ಸಂಜೆಯ ಹೊತ್ತಿಗೆ ಮಾತ್ರ ನಡೆಯುವಂತೆ ಮಾಡಬಹುದು. ರಾಷ್ಟ್ರೀಯ ಹೆದ್ದಾರಿಯದ್ದು ಕೇಂದ್ರದ ಕೈಲಿದೆ, ಸರಿ. ಆದರೆ ಕೆಲವು ರಾಜ್ಯ ಹೆದ್ದಾರಿಗಳಲ್ಲಿ ಟೋಲ್ ವಸೂಲಿ ಮಾಡಿಸುತ್ತಿರುವುದು ನಮ್ಮದೇ ರಾಜ್ಯ ಸರ್ಕಾರದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ (ಕೆಆರ್‌ಡಿಸಿಎಲ್). ಅಲ್ಲಿ ಶುರು ಮಾಡಲು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.