ದತ್ತಾಂಶದ ಉಗ್ರಾಣ ನಮ್ಮ ಕಟ್ಟಡದಲ್ಲೇ ಇರಬೇಕೇ?

ಆಸ್ಪತ್ರೆಯೊಂದರಲ್ಲಿ ದಿನವೂ ತೆಗೆಯುವ ಸಿಟಿ, ಎಂಆರ್‌ಐ ಚಿತ್ರಗಳು ವರ್ಷಗಟ್ಟಲೆ ಉಳಿಯಬೇಕು. ಒಮ್ಮೆ ಬರೆದ ಮೇಲೆ ಅವನ್ನು ಯಾರೂ ತಿದ್ದುವುದಿಲ್ಲ, ಆದರೆ ಕೇಳಿದ ಕ್ಷಣಕ್ಕೆ ಅವು ಸಿಗಬೇಕು. ಇಂಥ ದತ್ತಾಂಶಕ್ಕೆ ಹೇಳಿ ಮಾಡಿಸಿದ್ದು ಆಬ್ಜೆಕ್ಟ್ ಸ್ಟೋರೇಜ್. ಇಲ್ಲಿ ಆಬ್ಜೆಕ್ಟ್ ಎಂದು ಕರೆಯುವ ಪ್ರತಿಯೊಂದು ಕಡತಕ್ಕೂ ಒಂದು ಹೆಸರು ಮತ್ತು ವಿವರ ಇರುತ್ತದೆ, ಇಡಲು ಬಕೆಟ್ ಎಂಬ ಕಣಜವಿರುತ್ತದೆ, ಇಡುವುದೂ ತೆಗೆಯುವುದೂ ವೆಬ್ ವಿನಂತಿಯ ಮೂಲಕವೇ ನಡೆಯುತ್ತದೆ. 2006ರ ಮಾರ್ಚ್‌ನಲ್ಲಿ ಅಮೆಜಾನ್ ಎಸ್3 ಎಂಬ ಹೆಸರಿನಲ್ಲಿ ಇದನ್ನು ಬಾಡಿಗೆಗೆ ಕೊಡತೊಡಗಿತು. ಮಿನಿಯೋ, ಸೆಫ್‌ನಂಥ ತಂತ್ರಾಂಶಗಳು ಎಸ್3ರ ವಿನಂತಿಗಳನ್ನೇ ಅರ್ಥ ಮಾಡಿಕೊಳ್ಳುವುದರಿಂದ, ಅದೇ ವ್ಯವಸ್ಥೆಯನ್ನು ಸ್ವಂತ ಸರ್ವರ್‌ಗಳಲ್ಲಿಯೂ ಸ್ಥಾಪಿಸಬಹುದು. ಹಾಗಿದ್ದರೆ ಮಧ್ಯಮ ಗಾತ್ರದ ಆಸ್ಪತ್ರೆಯೊಂದು ಈ ಉಗ್ರಾಣವನ್ನು ತಾನೇ ನಡೆಸಬೇಕೇ? ಎರಡೂ ಬಗೆಯ ಉಗ್ರಾಣಗಳ ಕೆಲಸ ಮಾಡಿದವನಾಗಿ, ಎರಡೂ ಕಡೆಯ ವಾದವನ್ನು ಅದರದರ ಪೂರ್ಣ ಬಲದೊಂದಿಗೆ ಇಲ್ಲಿ ಇಡುತ್ತಿದ್ದೇನೆ.

ಪರ: ಬೀಗದ ಕೈ ನಮ್ಮಲ್ಲಿರಲಿ

ಬಾಡಿಗೆ ಉಗ್ರಾಣದಲ್ಲಿ ಸರಕು ಇಡುವುದಕ್ಕಿಂತ ಹೊರಗೆ ತರುವುದು ದುಬಾರಿ. ಎಸ್3ರ ಅಮೆರಿಕ ಪೂರ್ವ ವಲಯದ ದರಪಟ್ಟಿಯ ಮೊದಲ ಹಂತದಲ್ಲಿ ಒಂದು ಗಿಗಾಬೈಟನ್ನು ತಿಂಗಳು ಪೂರ್ತಿ ಇಡಲು 2.3 ಸೆಂಟ್ ಆದರೆ, ಅದನ್ನೇ ಒಂದು ಸಲ ಅಂತರ್ಜಾಲದ ಮೂಲಕ ಹೊರತರಲು 9 ಸೆಂಟ್ ಆಗುತ್ತದೆ. ವೈದ್ಯರು ಹಳೆಯ ಸ್ಕ್ಯಾನನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸಿದಷ್ಟೂ ಬಿಲ್ ಬೆಳೆಯುವ ವ್ಯವಸ್ಥೆ ಆಸ್ಪತ್ರೆಗೆ ಒಗ್ಗುವಂಥದ್ದಲ್ಲ. ಡ್ರಾಪ್‌ಬಾಕ್ಸ್ ಕಂಪನಿ ತನ್ನ ಬಳಕೆದಾರರ ಬಹುಪಾಲು ದತ್ತಾಂಶವನ್ನು ಅಮೆಜಾನ್‌ನಿಂದ ಸ್ವಂತ ಯಂತ್ರಗಳಿಗೆ ತಂದುಕೊಂಡು, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿದ್ದಾಗಿ 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಸಲ್ಲಿಸಿದ ದಾಖಲೆಯಲ್ಲಿ ತಿಳಿಸಿತ್ತು. ಆಸ್ಪತ್ರೆಯ ಗಾತ್ರ ಅದಲ್ಲ, ನಿಜ. ಆದರೂ ಅಲ್ಲಿನ ದತ್ತಾಂಶ ಎಷ್ಟು ಬೆಳೆಯುತ್ತದೆಂದು ಮೊದಲೇ ಅಂದಾಜು ಮಾಡಬಹುದು. ಅಂದಾಜಿಗೆ ಸಿಗುವ ಸರಕಿಗೆ ಸ್ವಂತ ಕಪಾಟು ಕೊಳ್ಳುವುದೇ ಲೇಸು.

ಡಿಸ್ಕ್ ಕೆಟ್ಟರೆ ಗತಿಯೇನು ಎಂಬ ಭಯಕ್ಕೆ ಇರೇಷರ್ ಕೋಡಿಂಗ್ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ನಾಲ್ಕು ಸರ್ವರ್‌ಗಳಲ್ಲಿ ತಲಾ ನಾಲ್ಕರಂತೆ ಹದಿನಾರು ಡಿಸ್ಕ್‌ಗಳಿವೆ ಎಂದುಕೊಳ್ಳೋಣ. ಪ್ರತಿಯೊಂದು ಆಬ್ಜೆಕ್ಟನ್ನು ಹನ್ನೆರಡು ತುಂಡುಗಳಾಗಿ ಒಡೆದು, ಗಣಿತದಿಂದ ಹುಟ್ಟಿಸಿದ ನಾಲ್ಕು ಪ್ಯಾರಿಟಿ ತುಂಡುಗಳನ್ನು ಸೇರಿಸಿ, ಹದಿನಾರರಲ್ಲೂ ಹಂಚಲಾಗುತ್ತದೆ. ಯಾವುದೇ ಹನ್ನೆರಡು ಸಿಕ್ಕರೂ ಮೂಲ ಚಿತ್ರ ಪೂರ್ತಿ ಮರಳುವುದರಿಂದ, ಒಂದು ಸರ್ವರ್ ಇಡಿಯಾಗಿ ನಿಂತರೂ ರೋಗಿಯ ಚಿತ್ರ ಪರದೆಗೆ ಬರುತ್ತದೆ. ಮೂರು ಪ್ರತಿ ಇಡುವ ಹಳೆಯ ಪದ್ಧತಿಯಲ್ಲಿ ಕೊಂಡ ಜಾಗದ ಮೂರನೆಯ ಒಂದು ಭಾಗ ಮಾತ್ರ ಬಳಕೆಗೆ ಸಿಗುತ್ತಿದ್ದರೆ, ಇಲ್ಲಿ ಮುಕ್ಕಾಲು ಪಾಲು ಸಿಗುತ್ತದೆ. ಊರಿನ ಫೈಬರ್ ಕೇಬಲ್ಲನ್ನು ರಸ್ತೆ ಅಗೆಯುವವರು ಕಡಿದ ದಿನವೂ ತುರ್ತು ಚಿಕಿತ್ಸಾ ವಿಭಾಗದ ಕೆಲಸ ನಿಲ್ಲುವುದಿಲ್ಲ.

ಭದ್ರತೆಯ ವಿಷಯಕ್ಕೆ ಬಂದರೆ, ಬಾಡಿಗೆಗೆ ಹೋದ ಮಾತ್ರಕ್ಕೆ ಹೊಣೆ ಹೆಗಲಿನಿಂದ ಇಳಿಯುತ್ತದೆ ಎಂಬುದು ತಪ್ಪು ನಂಬಿಕೆ. 2019ರಲ್ಲಿ ಬೆಳಕಿಗೆ ಬಂದ, ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣದಲ್ಲಿ ಸುಮಾರು 10.6 ಕೋಟಿ ಜನರ ಮಾಹಿತಿ ಎಸ್3 ಬಕೆಟ್‌ಗಳಿಂದ ಕಳುವಾಯಿತು. ಅದಕ್ಕೆ ಕಾರಣ ತಪ್ಪಾಗಿ ಹೊಂದಿಸಿದ್ದ ಫೈರ್‌ವಾಲ್ ಮತ್ತು ಅದಕ್ಕೆ ಕೊಟ್ಟಿದ್ದ ಅತಿಯಾದ ಅಧಿಕಾರ, ಅಂದರೆ ಬಾಡಿಗೆದಾರರೇ ನೋಡಿಕೊಳ್ಳಬೇಕಾಗಿದ್ದ ಸಂಗತಿಗಳು. ಎಚ್ಚರ ಎರಡೂ ಕಡೆ ನಮ್ಮದೇ ಆಗಿರುವಾಗ, ಸ್ವಂತ ಉಗ್ರಾಣದಲ್ಲಿ ಒಂದು ಹೆಚ್ಚಿನ ಅನುಕೂಲವಿದೆ. ಅದರ ಬಾಗಿಲನ್ನು ಅಂತರ್ಜಾಲದ ಕಡೆಗೆ ತೆರೆಯಲೇಬೇಕೆಂದಿಲ್ಲ. ಮಿನಿಯೋದ 9000, 9001ನೇ ಪೋರ್ಟ್‌ಗಳು, ಅಂದರೆ ವಿನಂತಿಗಳು ಒಳಬರುವ ಬಾಗಿಲುಗಳು, ಸ್ಕ್ಯಾನಿಂಗ್ ವಿಭಾಗದ ಪ್ರತ್ಯೇಕ ಜಾಲಕ್ಕೆ ಮಾತ್ರ ಕಾಣುವಂತೆ ಮಾಡಿದರೆ, ಹೊರಗಿನವರು ತಟ್ಟಲು ಬಾಗಿಲೇ ಇರುವುದಿಲ್ಲ. ಪ್ರತಿ ಆಬ್ಜೆಕ್ಟಿಗೂ ಬೇರೆ ಬೇರೆ ಗೂಢಲಿಪಿ ಕೀಲಿ, ಆ ಕೀಲಿಗಳನ್ನು ಮುಚ್ಚಿಡುವ ಮೂಲ ಕೀಲಿ ಇನ್ನೊಂದು ಯಂತ್ರದಲ್ಲಿ ಎಂಬ ಏರ್ಪಾಡು ಮಾಡಿಕೊಂಡರೆ, ಗುಜರಿಗೆ ಹೋದ ಡಿಸ್ಕಿನಿಂದ ಯಾರೂ ಏನನ್ನೂ ಓದಲಾರರು. 2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು, ಅಂದರೆ ಯಂತ್ರದ ಚಟುವಟಿಕೆಯ ದಾಖಲೆಗಳನ್ನು, 180 ದಿನ ಕಾಯ್ದಿಡಬೇಕು ಮತ್ತು ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಾರು ಯಾವಾಗ ಯಾವ ಚಿತ್ರ ತೆರೆದರು ಎಂಬ ದಾಖಲೆ ನಮ್ಮ ಕೈಯಲ್ಲೇ ಇರುವಾಗ ಈ ಆರು ಗಂಟೆ ಸಾಕಾಗುತ್ತದೆ.

ವಿರೋಧ: ಕಾವಲಿಗೆ ಯಾರಿದ್ದಾರೆ?

ಮೇಲಿನ ವಾದದಲ್ಲಿ "ಮಾಡಿದರೆ", "ಮಾಡಿಕೊಂಡರೆ" ಎಂದು ಬಂದಲ್ಲೆಲ್ಲ ಒಬ್ಬ ಮನುಷ್ಯನ ಕೆಲಸವಿದೆ. ನನ್ನ ವಿರೋಧ ಹುಟ್ಟುವುದು ಅಲ್ಲಿಂದಲೇ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳು, ದತ್ತಾಂಶಕ್ಕೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಗೆ ತುತ್ತಾದಾಗ ನೋಂದಣಿಯಿಂದ ಹಿಡಿದು ಪರೀಕ್ಷಾ ವರದಿಯವರೆಗೆ ಎಲ್ಲವೂ ಕಾಗದ ಪೆನ್ನಿಗೆ ಮರಳಿತು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಯಾಗಿ ಹೋಗಿತ್ತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದೇ ಕಾರಣವೆಂದು ಸರ್ಕಾರ ಸಂಸತ್ತಿಗೆ ಉತ್ತರಿಸಿತು. ದೇಶದ ಅಗ್ರ ಆಸ್ಪತ್ರೆಯಲ್ಲೇ ಜಾರಿದ ಈ ಕೆಲಸವನ್ನು, ಪ್ರಿಂಟರ್ ರಿಪೇರಿಯನ್ನೂ ಪಾಸ್‌ವರ್ಡ್ ಮರೆತವರ ಕರೆಗಳನ್ನೂ ನೋಡಿಕೊಳ್ಳುವ ಇಬ್ಬರು ತಂತ್ರಜ್ಞರ ತಲೆಗೆ ಕಟ್ಟುವುದು ಆ ಇಬ್ಬರಿಗೂ ಮಾಡುವ ಅನ್ಯಾಯ.

ತಂತ್ರಾಂಶದ ದೋಷಗಳು ಹೇಳಿ ಕೇಳಿ ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ ಮಿನಿಯೋದಲ್ಲಿ ಸಿವಿಇ-2023-28432 ಎಂಬ ದೋಷ ಪ್ರಕಟವಾಯಿತು. ಹಲವು ಸರ್ವರ್‌ಗಳ ಕ್ಲಸ್ಟರ್‌ಗೆ ಪಾಸ್‌ವರ್ಡೇ ಇಲ್ಲದ ಒಂದೇ ಒಂದು ವಿನಂತಿ ಕಳಿಸಿದರೆ, ಅದು ತನ್ನ ಮೂಲ ಪಾಸ್‌ವರ್ಡ್ ಸಹಿತ ಎಲ್ಲ ಗುಟ್ಟನ್ನೂ ಒಪ್ಪಿಸಿಬಿಡುತ್ತಿತ್ತು. ತಯಾರಕರು ದೋಷ ಸರಿಪಡಿಸುವ ಪ್ಯಾಚ್ ಹೊರಡಿಸಿದ್ದರೂ, ದಾಳಿಕೋರರು ಇದನ್ನು ನಿಜವಾಗಿ ಬಳಸುತ್ತಿದ್ದಾರೆಂದು ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಏಪ್ರಿಲ್‌ನಲ್ಲೇ ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. ಈ ನಡುವಿನ ಕೆಲವೇ ವಾರಗಳಲ್ಲಿ ಪ್ಯಾಚ್ ಹಾಕಿ ಮುಗಿಸುವ ಶಿಸ್ತು ಎಷ್ಟು ಆಸ್ಪತ್ರೆಗಳಲ್ಲಿದೆ? ನಾನೇ ಕಂಡ ಒಂದು ಕಡೆ, ಪರೀಕ್ಷೆಗೆಂದು ಸ್ಥಾಪಿಸಿದ ಸರ್ವರ್ ಹಾಗೆಯೇ ದಿನಬಳಕೆಗೆ ಇಳಿದು, ಬಳಕೆದಾರ ಹೆಸರೂ ಪಾಸ್‌ವರ್ಡೂ "ಮಿನಿಯೋಅಡ್ಮಿನ್" ಎಂಬ ಹುಟ್ಟು ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿದಿತ್ತು. ಅಲ್ಲಿದ್ದವರು ಸೋಮಾರಿಗಳಾಗಿರಲಿಲ್ಲ, ಅವರಿಗೆ ಬಿಡುವಿರಲಿಲ್ಲ. ಎಸ್3 ಮಾತ್ರ 2023ರಿಂದ ಹೊಸ ಆಬ್ಜೆಕ್ಟ್‌ಗಳನ್ನೆಲ್ಲ ಯಾರೂ ಕೇಳದಿದ್ದರೂ ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಗೂಢಲಿಪಿಗೆ ಬದಲಿಸುತ್ತದೆ, ಹೊಸ ಬಕೆಟ್‌ಗಳನ್ನು ಸಾರ್ವಜನಿಕರಿಗೆ ಮುಚ್ಚಿಯೇ ಕೊಡುತ್ತದೆ.

ಆಯ್ದ ತಂತ್ರಾಂಶವೇ ಕೈಬಿಡಬಹುದು. ಮಿನಿಯೋ 2021ರಲ್ಲಿ ತನ್ನ ಪರವಾನಗಿಯನ್ನು ಸಡಿಲ ಷರತ್ತಿನ ಅಪಾಚೆಯಿಂದ ಬಿಗಿ ಷರತ್ತಿನ ಎಜಿಪಿಎಲ್‌ಗೆ ಬದಲಿಸಿತು. 2025ರಲ್ಲಿ ಉಚಿತ ಆವೃತ್ತಿಯ ವೆಬ್ ಪರದೆಯಿಂದ ಆಡಳಿತದ ಸೌಲಭ್ಯಗಳನ್ನು ತೆಗೆದುಹಾಕಿತು, ಅದೇ ವರ್ಷ ಆ ಆವೃತ್ತಿಯ ಸಿದ್ಧ ಪ್ಯಾಕೇಜ್‌ಗಳನ್ನು ಕೊಡುವುದನ್ನೂ ನಿಲ್ಲಿಸಿತು. ಹತ್ತು ವರ್ಷದ ಚಿತ್ರಗಳನ್ನು ಅದರ ಮೇಲೆ ನಂಬಿ ಇಟ್ಟವರು ಈಗ ಸೆಫ್‌ನಂಥ ಮತ್ತೊಂದಕ್ಕೆ ಸಾಗುವ ದಾರಿ ಹುಡುಕಬೇಕಾಗಿದೆ. ಸೆಫ್ ಗಟ್ಟಿಯಾದದ್ದು, ಯುರೋಪಿನ ಕಣ ಭೌತಶಾಸ್ತ್ರದ ಸರ್ನ್ ಪ್ರಯೋಗಾಲಯ ನೆಚ್ಚಿಕೊಂಡದ್ದು, ಆದರೆ ಅದನ್ನು ಕಲಿತು ಪಳಗಿಸಿಕೊಳ್ಳಲು ಬೇಕಾಗುವ ಕಾಲ ಕಡಿಮೆಯಲ್ಲ.

ಹದಿನಾರು ಡಿಸ್ಕ್‌ಗಳ ಲೆಕ್ಕವನ್ನೂ ಮತ್ತೊಮ್ಮೆ ನೋಡಬೇಕು. ದುರಸ್ತಿಗೆಂದು ಒಂದು ಸರ್ವರ್ ನಿಲ್ಲಿಸಿದ ಹೊತ್ತಿಗೆ ನಾಲ್ಕು ತುಂಡುಗಳು ಹೋಗಿರುತ್ತವೆ. ಆಗ ಉಳಿದ ಹನ್ನೆರಡರಲ್ಲಿ ಒಂದೇ ಒಂದು ಡಿಸ್ಕ್ ಕೈಕೊಟ್ಟರೂ ಓದುವುದೇ ನಿಲ್ಲುತ್ತದೆ. ಗೊತ್ತುಪಡಿಸಿದ ಅವಧಿಯವರೆಗೆ ಅಳಿಸುವುದನ್ನು ತಡೆಯುವ ಆಬ್ಜೆಕ್ಟ್ ಲಾಕ್ ಎಂಬ ರಕ್ಷಣೆಗೂ ಇಂಥದ್ದೇ ಒಂದು ಮಿತಿಯಿದೆ. ಅದನ್ನು ಕಾಂಪ್ಲಯನ್ಸ್ ಎಂಬ ಕಟ್ಟುನಿಟ್ಟಿನ ರೀತಿಯಲ್ಲಿ ಹಾಕಿದರೆ, ಅವಧಿ ಮುಗಿಯುವವರೆಗೆ ಮುಖ್ಯ ಆಡಳಿತಗಾರನೂ ಆಬ್ಜೆಕ್ಟನ್ನು ಅಳಿಸಲಾರ ಎಂಬುದು ನಿಜ. ಆದರೆ ಆ ಬೀಗ ಇರುವುದು ಸ್ಟೋರೇಜ್ ತಂತ್ರಾಂಶದ ಬಾಗಿಲಿಗೆ. ಸ್ವಂತ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್‌ನಲ್ಲಿ ರೂಟ್ ಎಂಬ ಸರ್ವಾಧಿಕಾರ ಕದ್ದವನು ಬಾಗಿಲಿಗೆ ಬರುವುದೇ ಇಲ್ಲ, ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ಹೋಗುತ್ತಾನೆ. ಬಾಡಿಗೆ ಉಗ್ರಾಣದಲ್ಲಿ ನಮ್ಮ ಪಾಸ್‌ವರ್ಡ್ ಪೂರ್ತಿ ಕಳುವಾದರೂ ಕಳ್ಳನಿಗೆ ಆ ಡಿಸ್ಕ್‌ಗಳ ಹತ್ತಿರ ಸುಳಿಯಲಾಗದು.

ಇದರ ಜೊತೆಗೆ ಬೆಂಕಿಯ ಮಾತಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋದಾಗ, ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರ ದತ್ತಾಂಶ ಕಟ್ಟಡದೊಂದಿಗೆ ನಾಶವಾಯಿತು. ಒಂದೇ ಕಟ್ಟಡದೊಳಗೆ ಎಷ್ಟು ಪ್ಯಾರಿಟಿ ತುಂಡುಗಳಿದ್ದರೂ ಬೆಂಕಿಗೆ ಅವೆಲ್ಲ ಒಂದೇ. ಆದ್ದರಿಂದ ಸ್ವಂತ ಉಗ್ರಾಣ ಕಟ್ಟುವ ಆಸ್ಪತ್ರೆಗೆ ದೂರದಲ್ಲಿ ಎರಡನೆಯ ಉಗ್ರಾಣವೂ, ಅದಕ್ಕೆ ಬೇರೆಯೇ ಪಾಸ್‌ವರ್ಡ್‌ಗಳೂ, ಅಲ್ಲಿಂದ ದತ್ತಾಂಶವನ್ನು ಮರಳಿ ತಂದು ನೋಡುವ ಅಭ್ಯಾಸವೂ ಬೇಕು. ಎರಡನೆಯ ಕಟ್ಟಡವಿಲ್ಲದ ಆಸ್ಪತ್ರೆ ಆ ಪ್ರತಿಯನ್ನು ಇಡಲು ಕೊನೆಗೆ ಬಾಡಿಗೆ ಉಗ್ರಾಣದ ಬಾಗಿಲಿಗೇ ಬರಬೇಕಾಗುತ್ತದೆ, ಆಗ ಎರಡೂ ಕಡೆಯ ಖರ್ಚು ಅದರ ಲೆಕ್ಕಕ್ಕೆ ಬೀಳುತ್ತದೆ.