ಟೋಕನ್ ಬರುವ ಮುನ್ನವೇ ಹೊರಡುವ ವಿನಂತಿ

ವೆಬ್ ಪುಟಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್‌ನಲ್ಲಿ, ಬಳಕೆದಾರರು ಲಾಗಿನ್ ಆದ ಮೇಲೆ ದತ್ತಾಂಶ ತರಲು ಯೂಸ್‌ಎಫೆಕ್ಟ್‌ಗೆ (ಪುಟದ ಭಾಗ ಪರದೆಗೆ ಬಂದ ಮೇಲೆ ಕೋಡ್ ಓಡಿಸುವ ಸೌಲಭ್ಯ) ಖಾಲಿ ಅವಲಂಬನೆ ಪಟ್ಟಿ (ಯಾವುದು ಬದಲಾದರೆ ಆ ಕೋಡ್ ಮತ್ತೆ ಓಡಬೇಕು ಎಂಬ ಪಟ್ಟಿ) ಕೊಟ್ಟರೆ ಸಾಕು ಎಂದು ನಾನು ಓದಿದ ಒಂದು ಲೇಖನದ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪಲಾರೆ. ಕಾಂಪೊನೆಂಟ್ (ಪುಟದ ಒಂದು ಭಾಗ) ಪರದೆಗೆ ಬಂದಾಗ ಬಳಕೆದಾರರು ಇನ್ನೂ ಲಾಗಿನ್ ಆಗಿರದಿದ್ದರೆ ದತ್ತಾಂಶ ಕೇಳುವ ವಿನಂತಿ ಟೋಕನ್ (ಲಾಗಿನ್ ಆದವರ ಗುರುತಿನ ಚೀಟಿ) ಇಲ್ಲದೆ ಹೊರಟು, ಸರ್ವರ್‌ನಿಂದ 401 (ಗುರುತು ಸಾಬೀತಾಗಿಲ್ಲ ಎಂಬ ಸಂಕೇತ) ಹೊತ್ತು ಮರಳುತ್ತದೆ. ಆಮೇಲೆ ಲಾಗಿನ್ ಆದರೂ ಪಟ್ಟಿ ಖಾಲಿಯಿರುವುದರಿಂದ ಎಫೆಕ್ಟ್ ಮತ್ತೆ ಓಡುವುದಿಲ್ಲ. ಪುಟ ರಿಫ್ರೆಶ್ ಮಾಡಿದಾಗಷ್ಟೇ ವಿವರ ಕಾಣಿಸುತ್ತದೆ. ಈ ದೋಷದ ಬೆನ್ನು ಹತ್ತಿ ನಾನು ಎರಡು ದಿನ ಕಳೆದಿದ್ದೇನೆ. ಅವಲಂಬನೆ ಪಟ್ಟಿಯಲ್ಲಿ ಬಳಕೆದಾರರ ಐಡಿ ಇರಲೇಬೇಕು. ಇನ್ನೂ ಒಳ್ಳೆಯದೆಂದರೆ, ಲಾಗಿನ್ ಖಚಿತವಾಗುವವರೆಗೆ ಆ ಕಾಂಪೊನೆಂಟನ್ನು ರೆಂಡರ್ ಮಾಡದಿರುವುದು, ಅಂದರೆ ಪರದೆಗೆ ತರದಿರುವುದು.

ಲೇಖನ ಮುಟ್ಟದ ಲಾಗೌಟ್ ವಿಷಯವೇ ನನಗೆ ಹೆಚ್ಚು ಆತಂಕದ್ದು. ಒಂದೇ ಕಂಪ್ಯೂಟರಿನಲ್ಲಿ ಒಬ್ಬರು ಹೊರಬಂದು ಇನ್ನೊಬ್ಬರು ಲಾಗಿನ್ ಆದಾಗ, ಹಳೆಯ ವಿನಂತಿಯ ಉತ್ತರ ತಡವಾಗಿ ಬಂದರೆ ಮೊದಲಿನವರ ಖಾಸಗಿ ವಿವರ ಎರಡನೆಯವರ ಕಣ್ಣಿಗೆ ಬೀಳಬಹುದು. ಕ್ಲೀನಪ್‌ನಲ್ಲಿ (ಎಫೆಕ್ಟ್ ಮುಗಿಯುವಾಗ ಅಥವಾ ಮತ್ತೆ ಓಡುವ ಮುನ್ನ ನಡೆಯುವ ಕೋಡ್) ವಿನಂತಿಗಳನ್ನು ನಿಲ್ಲಿಸುವ ಬ್ರೌಸರ್ ಸಾಧನವಾದ ಅಬಾರ್ಟ್‌ಕಂಟ್ರೋಲರ್ ಬಳಸಿ ಹಳೆಯ ವಿನಂತಿಯನ್ನು ರದ್ದುಮಾಡಿ, ಲಾಗೌಟ್ ಆದೊಡನೆ ಕ್ಯಾಷ್ (ತಾತ್ಕಾಲಿಕವಾಗಿ ಉಳಿಸಿಟ್ಟ ದತ್ತಾಂಶ) ಅಳಿಸಿ. ಅಂದಹಾಗೆ, ರಿಯಾಕ್ಟ್ 18ರಿಂದೀಚೆಗೆ ಅಭಿವೃದ್ಧಿ ಹಂತದಲ್ಲಿ ವಿನಂತಿ ಎರಡು ಬಾರಿ ಹೋಗುವುದನ್ನು ಕಂಡು ಸ್ಟ್ರಿಕ್ಟ್ ಮೋಡನ್ನು (ಎಫೆಕ್ಟನ್ನು ಬೇಕೆಂದೇ ಎರಡು ಬಾರಿ ಓಡಿಸುವ ರಿಯಾಕ್ಟ್‌ನ ತಪಾಸಣೆ) ತೆಗೆದುಹಾಕಬೇಡಿ; ಕ್ಲೀನಪ್ ಎಲ್ಲಿ ತಪ್ಪಿದೆ ಎಂದು ತೋರಿಸುವುದೇ ಆ ಎರಡನೇ ಓಟದ ಕೆಲಸ.